ಧಣಿ ಯಾರು, ಕೂಲಿ ಎಷ್ಟು: ಕುಂದಾಪುರ ಸೀಮೆಯಲ್ಲಿ ಪೆಟ್ಟು ಮತ್ತು ಪರಿಹಾರದ ಚರಿತ್ರೆ

1923ರ ಕಾರ್ಮಿಕರ ಪರಿಹಾರ ಕಾಯಿದೆಗೆ ಹಚ್ಚಿದ ಮೊದಲನೆಯ ಪಟ್ಟಿಯಲ್ಲಿ ಮನುಷ್ಯನ ಮೈಯನ್ನು ತುಂಡುತುಂಡಾಗಿ ಬರೆದಿಟ್ಟಿದ್ದಾರೆ. ಬಲಗೈ ಮೊಣಕೈಯ ಮೇಲಕ್ಕೆ ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 70 ಹೋಯಿತು ಎಂದು ಲೆಕ್ಕ; ಎಡಗೈ ಆದರೆ 60. ಕಾಲು ಮೊಣಕಾಲಿನ ಮೇಲಕ್ಕೆ ಹೋದರೆ 60, ಕೆಳಕ್ಕೆ ಹೋದರೆ 50. ಒಂದು ಕಣ್ಣು 30. ಹೆಬ್ಬೆರಳು 25. ತೋರುಬೆರಳು 10. ಉಳಿದ ಬೆರಳುಗಳಿಗೆ ಒಂದೊಂದಕ್ಕೆ 5. ಮುಂದೆ ಈ ಅಂಕಿಗಳು ಬದಲಾದವು, ಹೆಬ್ಬೆರಳಿನ ಬೆಲೆ 30ಕ್ಕೆ ಏರಿತು. ಪಟ್ಟಿ ಮಾಡುವ ಕ್ರಮ ಮಾತ್ರ ಹಾಗೇ ಉಳಿಯಿತು.

ಏಕಲವ್ಯನ ಹೆಬ್ಬೆರಳಿನ ಮೇಲೆ ನಮ್ಮಲ್ಲಿ ಎಷ್ಟೋ ಪದ್ಯ, ನಾಟಕ, ವಿಮರ್ಶೆ ಬಂದಿವೆ. ಹೆಬ್ಬೆರಳಿಗೆ ಪ್ರಭುತ್ವವೇ ಬೆಲೆ ಕಟ್ಟಿದ ಈ ಪಠ್ಯವನ್ನು ಸಾಹಿತ್ಯದವರು ಓದಿದ್ದು ಕಡಿಮೆ. ದಲಿತ ವಿಮರ್ಶೆ ಕತೆ ಕಾದಂಬರಿಗಳನ್ನಷ್ಟೇ ಓದಿಕೊಂಡಿದ್ದರೆ ಸಾಲದು, ಗಜೆಟ್ಟನ್ನೂ ಓದಬೇಕು ಅನ್ನುವ ಹಠ ನನ್ನದು. ಯಾಕೆಂದರೆ ಈ ಪಟ್ಟಿ ಮೇಲ್ನೋಟಕ್ಕೆ ಜಾತಿ ಗೊತ್ತಿಲ್ಲದ ಪಟ್ಟಿ. ಬೆರಳಿನ ಅಂಕಿ ಎಲ್ಲರಿಗೂ ಒಂದೇ. ಆದರೆ ಆ ಅಂಕಿಯನ್ನು ಗುಣಿಸುವುದು ಕೂಲಿಯಿಂದ. ಮೊದಲ ಕಾಯಿದೆಯಲ್ಲಿ ಸತ್ತವನಿಗೆ 30 ತಿಂಗಳ ಕೂಲಿ ಅಥವಾ 2,500 ರೂಪಾಯಿ, ಯಾವುದು ಕಡಿಮೆಯೋ ಅದು. ಪೂರ್ತಿ ಕೈಲಾಗದವನಾದರೆ 42 ತಿಂಗಳ ಕೂಲಿ ಅಥವಾ 3,500 ರೂಪಾಯಿ. ತಿಂಗಳಿಗೆ 80 ರೂಪಾಯಿ ಪಡೆಯುವವನು ಸತ್ತರೆ ಮನೆಗೆ 2,400 ರೂಪಾಯಿ. 8 ರೂಪಾಯಿಯವನು ಸತ್ತರೆ 240. ಅದೇ 8 ರೂಪಾಯಿಯವನ ಹೆಬ್ಬೆರಳು ಹೋದರೆ 84 ರೂಪಾಯಿ. ಕಾನೂನಿನ ಕಣ್ಣಿಗೆ ಇದರಲ್ಲಿ ತಾರತಮ್ಯ ಇಲ್ಲ, ಬರೀ ಗುಣಾಕಾರ.

ಹಾಗಾದರೆ ಒಬ್ಬನ ಕೂಲಿ 8, ಇನ್ನೊಬ್ಬನದು 80 ಆದದ್ದು ಹೇಗೆ? ಪರಿಹಾರದ ಕಾನೂನು ಕೇಳದೆ ಬಿಟ್ಟ ಪ್ರಶ್ನೆ ಇದು. ಅದು ಕೇಳುವುದು ಎರಡೇ: ನಿನ್ನ ಧಣಿ ಯಾರು, ನಿನ್ನ ಕೂಲಿ ಎಷ್ಟು. ಇವೆರಡಕ್ಕೂ ಉತ್ತರ ಕೊಡಬಲ್ಲವನು ಕಾರ್ಮಿಕ. ಕೊಡಲಾರದವನು ಆಳು. ಕುಂದಾಪುರ ಸೀಮೆಯ ದಲಿತರು ಈ ಎರಡು ಪ್ರಶ್ನೆಗಳ ಎದುರು ಎಲ್ಲಿ ನಿಂತಿದ್ದರು ಅನ್ನುವುದನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

*

ಸೀಮೆ ಅಂದಾಗ ನನ್ನ ಮನಸ್ಸಿನಲ್ಲಿರುವುದು ಈಗಿನ ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕು. ಟಿಪ್ಪು ಬಿದ್ದ ಮೇಲೆ, 1799ರಲ್ಲಿ, ಇದು ಕಂಪನಿಯ ಕೈಗೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಬೊಂಬಾಯಿಗೆ ಕೊಟ್ಟಾಗ ಕುಂದಾಪುರ ಮಾತ್ರ ಮದ್ರಾಸಿನಲ್ಲೇ ಉಳಿಯಿತು. 1956ರ ನವೆಂಬರ್ 1ರವರೆಗೆ ಮದ್ರಾಸಿನ ಆಡಳಿತ, ಆಮೇಲೆ ಮೈಸೂರಿನದು, 1997ರಿಂದ ಉಡುಪಿ ಜಿಲ್ಲೆ. ಕೋರ್ಟಿನ ಭಾಷೆ ಬದಲಾಯಿತು, ಕಚೇರಿಯ ಬೋರ್ಡು ಬದಲಾಯಿತು. ಗದ್ದೆಯಲ್ಲಿ ಬಗ್ಗಿ ನಿಂತವರ ಜಾತಿ ಬದಲಾಗಲಿಲ್ಲ.

ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ 1801ರ ಆರಂಭದಲ್ಲಿ ಮಂಗಳೂರಿನ ಕಡೆಯಿಂದ ಬಡಗಿಗೆ ಉಡುಪಿ, ಬ್ರಹ್ಮಾವರ, ಕುಂದಾಪುರ, ಬೈಂದೂರು ದಾಟಿಕೊಂಡು ಹೋದ. ಕರಾವಳಿಯ ಬೇಸಾಯದ ಬಗ್ಗೆ ಬರೆಯುವಾಗ ಅವನು ಎರಡು ಬಗೆಯ ಆಳುಗಳನ್ನು ಹೆಸರಿಸುತ್ತಾನೆ: ಕೂಲಿಯಾಳು ಮತ್ತು ಮೂಲದಾಳು. ಎರಡನೆಯವರು ಕೊಂಡ ಆಳು, ಅಂದರೆ ಗುಲಾಮರು. ಕೂಲಿಯಾಳಿಗೆ ದಿನಕ್ಕೆ ಎರಡು ಹಾನಿ ಅಕ್ಕಿ. ಮೂಲದಾಳು ಗಂಡಸಿಗೆ ಒಂದೂವರೆ ಹಾನಿ. ಹೆಂಗಸಿಗೆ ಒಂದು. ಮಕ್ಕಳಿಗೆ, ಮುದುಕರಿಗೆ ಏನೋ ಸ್ವಲ್ಪ. ನಮ್ಮ ಕಡೆ ಹಾನಿ ಅಂದರೆ ಅಳತೆಯೂ ಹೌದು, ನಷ್ಟವೂ ಹೌದು.

ಈ ಮುಕ್ಕಾಲು ಪಾಲಿನ ಲೆಕ್ಕವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಒಂದೇ ಗದ್ದೆ, ಒಂದೇ ಕೆಲಸ, ಹುಟ್ಟಿನಿಂದಾಗಿ ಕಾಲು ಭಾಗ ಕಡಿಮೆ. ಪರಿಹಾರದ ಗುಣಾಕಾರಕ್ಕೆ ಮುಂದೆ ಸಿಕ್ಕ ಕೂಲಿ ಇಂಥ ಅಳತೆಯ ಮೊಮ್ಮಗ.

ಮೂಲದ ಕಾಲದಲ್ಲಿ ಧಣಿ ಯಾರು ಅನ್ನುವುದಕ್ಕೆ ಗೊಂದಲವೇ ಇರಲಿಲ್ಲ. ಮರದಿಂದ ಬಿದ್ದವನು, ಹಾವು ಕಚ್ಚಿದವಳು, ಕೋಣ ತಿವಿದವನು ಎಲ್ಲರೂ ಒಬ್ಬ ಒಡೆಯನ ಸೊತ್ತು. ಆ ಒಡೆಯ ಗಂಜಿ ಹೊಯ್ಯುತ್ತಿದ್ದ. "ಆಗಿನ ಒಡೇರು ಕೈ ಬಿಡ್ತಿರ್ಲಿಲ್ಲ" ಅನ್ನುವ ಮಾತು ಈಗಲೂ ಕೇಳುತ್ತದೆ, ಕೆಲವೊಮ್ಮೆ ನಮ್ಮವರ ಬಾಯಿಂದಲೇ. ಆ ಗಂಜಿಯನ್ನು ನಾನು ಪೂರಾ ತಳ್ಳಿಹಾಕುವುದಿಲ್ಲ, ಹಸಿದವನಿಗೆ ಅದು ಗಂಜಿಯೇ. ಆದರೆ ಕಾಲು ಮುರಿದ ಹೋರಿಗೂ ಹುಲ್ಲು ಹಾಕುತ್ತಾರೆ. ಅದು ಸೊತ್ತನ್ನು ನೋಡಿಕೊಳ್ಳುವ ಕ್ರಮ. ಹಕ್ಕಿನಿಂದ ಕೇಳಿ ಪಡೆಯುವುದಕ್ಕೂ ಅಂಗಳದಲ್ಲಿ ಕೂತು ಕಾಯುವುದಕ್ಕೂ ಇರುವ ದೂರ ಅಷ್ಟಿಷ್ಟಲ್ಲ.

1843ರ 5ನೆಯ ಕಾಯಿದೆ ಬಂದು, ಗುಲಾಮಗಿರಿಯ ಹಕ್ಕನ್ನು ಇನ್ನು ಕೋರ್ಟುಗಳು ಒಪ್ಪುವುದಿಲ್ಲ ಎಂದಿತು. ಅದಕ್ಕೆ ಹತ್ತು ವರ್ಷ ಹಿಂದೆ, 1833ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ವೆಸ್ಟ್ ಇಂಡೀಸ್ ಮುಂತಾದ ಕಡೆ ಗುಲಾಮಗಿರಿಯನ್ನು ತೆಗೆದಾಗ 2 ಕೋಟಿ ಪೌಂಡು ಪರಿಹಾರ ಕೊಟ್ಟಿತ್ತು. ಕೊಟ್ಟದ್ದು ಗುಲಾಮರಿಗಲ್ಲ, ಅವರ ಒಡೆಯರಿಗೆ! ನಷ್ಟವಾದದ್ದು ಸೊತ್ತು ಕಳೆದುಕೊಂಡವನಿಗೆ ಎಂದು ಲೆಕ್ಕ. ಕಂಪನಿಯ ಸೀಮೆಯನ್ನು ಆ ಕಾಯಿದೆಯಿಂದ ಹೊರಗಿಟ್ಟಿದ್ದರು. ಇಲ್ಲಿ 1843ರಲ್ಲಿ ಒಡೆಯರಿಗೂ ಕೊಡಲಿಲ್ಲ, ಆಳುಗಳಿಗೂ ಕೊಡಲಿಲ್ಲ. ಆಳಿನ ಗುಡಿಸಲು ಒಡೆಯನ ಜಾಗದಲ್ಲಿ, ಅಕ್ಕಿ ಒಡೆಯನ ಕಣಜದಲ್ಲಿ. ಕಾಗದದ ಮೇಲೆ ಬಿಡುಗಡೆಯಾದವನು ಸಂಜೆ ಅದೇ ಅಂಗಳಕ್ಕೆ ಬಂದು ನಿಂತ.

ಆಮೇಲಿನ ಅರುವತ್ತು ಎಪ್ಪತ್ತು ವರ್ಷದ ಶಾಸನಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ವಸಾಹತು ಪ್ರಭುತ್ವದ ಆದ್ಯತೆ ತಿಳಿಯುತ್ತದೆ. 1855ರಲ್ಲಿ ಮಾರಕ ಅಪಘಾತಗಳ ಕಾಯಿದೆ ಬಂತು. ಇನ್ನೊಬ್ಬನ ತಪ್ಪಿನಿಂದ ಸತ್ತವನ ಹೆಂಡತಿ, ಗಂಡ, ತಂದೆತಾಯಿ, ಮಕ್ಕಳು ದಾವೆ ಹಾಕಿ ನಷ್ಟ ಕೇಳಬಹುದು. ದಾವೆಗೆ ಸ್ಟಾಂಪು ಬೇಕು, ವಕೀಲ ಬೇಕು, ತಪ್ಪು ಯಾರದೆಂದು ಸಾಬೀತು ಮಾಡಬೇಕು. ಕೋರ್ಟಿನ ಜಗಲಿ ಏರುವುದೇ ಕಷ್ಟವಿದ್ದವರಿಗೆ ಇದು ಆಕಾಶದ ಮಾತು. 1859ರಲ್ಲಿ ಕೆಲಸಗಾರರ ಕರಾರುಭಂಗದ ಕಾಯಿದೆ ಬಂತು. ಮುಂಗಡ ಪಡೆದು ಕೆಲಸ ಬಿಟ್ಟುಹೋದ ಆಳು ಮ್ಯಾಜಿಸ್ಟ್ರೇಟನ ಮಾತು ಕೇಳದಿದ್ದರೆ ಮೂರು ತಿಂಗಳವರೆಗೆ ಜೈಲು. 1920ರ ದಶಕದ ನಡುವಿನವರೆಗೂ ಅದು ಉಳಿದಿತ್ತು. ಆಳು ಮಾತು ತಪ್ಪಿದರೆ ಅಪರಾಧ. ಆಳಿನ ಕೈ ತುಂಡಾದರೆ ಅದು ಅವನ ಹಣೆಬರಹ.

1871ರಲ್ಲಿ ದನಗಳ ಅತಿಕ್ರಮಣ ಕಾಯಿದೆ ಬಂತು. ಗಂಟಿ ದೊಡ್ಡಿಯ ಕಾಯಿದೆ ಅಂದರೆ ನಮ್ಮವರಿಗೆ ತಿಳಿಯುತ್ತದೆ. ಗದ್ದೆಗೆ ನುಗ್ಗಿದ ಗಂಟಿಯನ್ನು ಹಿಡಿದು ದೊಡ್ಡಿಗೆ ಹಾಕುವ ವಿಚಾರ. ಅದರಲ್ಲೇ ಇನ್ನೊಂದು ಮಾತಿದೆ: ತಪ್ಪಿಲ್ಲದ ಗಂಟಿಯನ್ನು ಸುಮ್ಮನೆ ಹಿಡಿದು ಕೂಡಿಹಾಕಿದರೆ ಗಂಟಿಯ ಯಜಮಾನನಿಗೆ ಮ್ಯಾಜಿಸ್ಟ್ರೇಟನು 100 ರೂಪಾಯಿವರೆಗೆ ಪರಿಹಾರ ಕೊಡಿಸಬೇಕು. ದಾವೆ ಬೇಡ, ದೂರು ಸಾಕು. ಕೆಲಸಗಾರನಿಗೆ ದಾವೆ ಇಲ್ಲದೆ ಪರಿಹಾರ ಕೊಡಿಸುವ ಕಾಯಿದೆ ಬರಲು ಅಲ್ಲಿಂದ ಇನ್ನೂ ಐವತ್ತೆರಡು ವರ್ಷ ಬೇಕಾಯಿತು.

*

1923ರ ಕಾಯಿದೆ 1924ರ ಜುಲೈ 1ರಿಂದ ಜಾರಿಗೆ ಬಂತು. ಅದು ದೊಡ್ಡ ಹೆಜ್ಜೆ ಎನ್ನುವುದನ್ನು ಅಲ್ಲಗಳೆಯಬಾರದು. ತಪ್ಪು ಯಾರದು ಎಂದು ಕೇಳದೆ, ಕೆಲಸದ ನಡುವೆ ಕೆಲಸದಿಂದಾಗಿ ಪೆಟ್ಟಾದರೆ ಧಣಿ ಕೊಡಬೇಕು ಎಂದು ಮೊದಲ ಸಲ ಹೇಳಿದ ಕಾಯಿದೆ ಅದು. ಆದರೆ ಅದರ ಎರಡನೆಯ ಪಟ್ಟಿ ಯಾರು ಕಾರ್ಮಿಕ ಎಂಬುದನ್ನು ಹೇಳುತ್ತದೆ. ಯಂತ್ರದ ಕಾರ್ಖಾನೆ, ಗಣಿ, ಹಡಗು, ಬಂದರು, ಎತ್ತರದ ಕಟ್ಟಡ, ತಂತಿಕಂಬ, ನೆಲದಡಿಯ ಚರಂಡಿ, ಬೆಂಕಿ ಆರಿಸುವ ದಳ. ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಮ್ಮ ಸೀಮೆಯಲ್ಲಿ ಒಂದು ಸುತ್ತು ಬಂದರೆ ಜಾತಿಯ ಗೆರೆ ತಾನಾಗಿ ಕಾಣುತ್ತದೆ.

ಹಂಚಿನ ಕಾರ್ಖಾನೆಯಿಂದ ಶುರು ಮಾಡುವ. ಬಾಸೆಲ್ ಮಿಷನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚು ಮಾಡಲು ತೊಡಗಿದರು, 1886ರಲ್ಲಿ ಮಲ್ಪೆಗೆ ಬಂದರು. ಆಮೇಲೆ ಹೊಳೆದಂಡೆಗಳಲ್ಲಿ ಊರವರ ಕಾರ್ಖಾನೆಗಳೂ ಎದ್ದವು, ಕುಂದಾಪುರದ ಸುತ್ತಲೂ. ಕಾರ್ಖಾನೆಯ ಗೇಟಿನ ಒಳಗೆ ಪ್ರೆಸ್ಸಿಗೆ ಕೈ ಸಿಕ್ಕಿದರೆ ಅವನು ಕಾರ್ಮಿಕ. ಆದರೆ ಹಂಚಿಗೆ ಆವೆಮಣ್ಣು ಬೇಕಲ್ಲ. ಗದ್ದೆಯ ಅಡಿಯಿಂದ ಆ ಮಣ್ಣನ್ನು ಅಗೆದು ಹೊತ್ತವನ ಮೇಲೆ ಗುಂಡಿಯ ಬರೆ ಕುಸಿದರೆ? ಗಣಿ ಎಂಬ ಮಾತು ಪಟ್ಟಿಯಲ್ಲಿದೆ, ಅದಕ್ಕೊಂದು ಬಾಲವೂ ಇದೆ: 50ಕ್ಕಿಂತ ಹೆಚ್ಚು ಜನ ದುಡಿಯದ ಅಥವಾ ಸಿಡಿಮದ್ದು ಬಳಸದ, 20 ಅಡಿಗಿಂತ ಆಳವಲ್ಲದ ಗುಂಡಿ ಗಣಿಯೇ ಅಲ್ಲ. 19 ಅಡಿಯ ಗುಂಡಿಯಲ್ಲಿ ಮಣ್ಣಿನಡಿ ಸಿಕ್ಕವನು ಕಾನೂನಿನ ಪ್ರಕಾರ ಗಣಿಯಲ್ಲಿ ಸತ್ತವನಲ್ಲ. ಸ್ವಾತಂತ್ರ್ಯ ಬಂದ ಮೇಲೆ 1952ರ ಗಣಿ ಕಾಯಿದೆಯೂ ಇಂಥ ಸಣ್ಣ ಗುಂಡಿಗಳಿಗೆ ವಿನಾಯಿತಿ ಕೊಟ್ಟಿತು. ಯಾವುದಕ್ಕೆ ವಿನಾಯಿತಿ ಎಂದು ಹೆಸರು ಹಿಡಿದು ಬರೆದ ಸಾಲಿನಲ್ಲಿ ಮುರಕಲ್ಲು ಇದೆ, ಸಾಧಾರಣ ಆವೆಮಣ್ಣು ಇದೆ. ಈ ಎರಡನ್ನು ಬಿಟ್ಟರೆ ಕರಾವಳಿಯ ನೆಲದಡಿ ಬಡವ ಅಗೆಯುವಂಥದ್ದು ಮತ್ತೆಂತ ಇತ್ತ್ ಮಾರಾಯ್ರೆ?

ಗದ್ದೆ ಪಟ್ಟಿಯಲ್ಲಿ ಇರಲೇ ಇಲ್ಲ. ಮುಂದೆ ಬೇಸಾಯ ಪಟ್ಟಿಯೊಳಗೆ ಕಾಲಿಟ್ಟಾಗಲೂ ಟ್ರ್ಯಾಕ್ಟರು ಮತ್ತು ಯಂತ್ರಬಲದ ಬೇಸಾಯವಾಗಿ ಬಂತು. ನೇಗಿಲು ಹಿಡಿದವನು, ನೆಟ್ಟಿ ನೆಡುವವಳು, ಅಡಿಕೆ ತೆಂಗಿನ ಮರ ಏರುವವನು ಬಹಳ ಕಾಲ ಹೊರಗೇ. ದಲಿತರು ಹೆಚ್ಚು ದುಡಿದದ್ದು ಎಲ್ಲಿ ಎಂದು ನಾನು ಹೇಳಬೇಕಾಗಿಲ್ಲ.

ನೆಲದಡಿಯ ಚರಂಡಿ ಕಟ್ಟುವವನು, ನೋಡಿಕೊಳ್ಳುವವನು 1923ರಲ್ಲೇ ಪಟ್ಟಿಯಲ್ಲಿದ್ದಾನೆ. ನೆಲದಡಿ ಚರಂಡಿ ಇದ್ದದ್ದು ಮದ್ರಾಸು, ಬೊಂಬಾಯಿ, ಕಲ್ಕತ್ತಾದಂಥ ನಗರಗಳಲ್ಲಿ. ನಮ್ಮ ಪೇಟೆಗಳಲ್ಲಿ ಇದ್ದದ್ದು ಒಣ ಕಕ್ಕಸು, ಅದನ್ನು ಬಾಚಿ ತಲೆಯ ಮೇಲೆ ಹೊರುವ ಮನುಷ್ಯ. ಅವನು ಪಟ್ಟಿಯಲ್ಲಿಲ್ಲ. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸುವ ಆಜ್ಞೆ ಕರ್ನಾಟಕದಲ್ಲಿ ಹೊರಡಲು 1970ರ ದಶಕದ ಆರಂಭದಲ್ಲಿ ಬಿ. ಬಸವಲಿಂಗಪ್ಪನವರೇ ಮಂತ್ರಿಯಾಗಿ ಬರಬೇಕಾಯಿತು. ಅವರಿಗೆ ಆಮೇಲೆ ಬೂಸಾ ಗಲಾಟೆಯಲ್ಲಿ ಏನಾಯಿತು ಎಂಬುದು ಈ ಪತ್ರಿಕೆಯ ಓದುಗರಿಗೆ ಬಾಯಿಪಾಠ.

ಮೂರನೆಯ ಪಟ್ಟಿ ಇನ್ನೂ ವಿಚಿತ್ರ. ಅದು ಕಸುಬಿನಿಂದ ಬರುವ ರೋಗಗಳದ್ದು. ಮೊದಲಿಗೆ ಅದರಲ್ಲಿ ಇದ್ದದ್ದು ಮೂರೇ: ಸೀಸದ ವಿಷ, ರಂಜಕದ ವಿಷ, ಮತ್ತು ನೆರಡಿ ಅಂದರೆ ಆಂಥ್ರಾಕ್ಸ್. ಉಣ್ಣೆ, ಕೂದಲು, ತೊಗಲು ಮುಟ್ಟುವ ಕೆಲಸದಲ್ಲಿ ಆಂಥ್ರಾಕ್ಸ್ ಬರುತ್ತದೆ ಎಂದು ಬರೆದಿದ್ದಾರೆ. ಸತ್ತ ದನದ ತೊಗಲಿನಿಂದ ಮನುಷ್ಯ ಸಾಯಬಹುದು ಎಂಬುದು ಸರ್ಕಾರಕ್ಕೆ ಗೊತ್ತಿತ್ತು ಎಂದಾಯಿತು. ಆದರೆ ನಮ್ಮ ಊರುಗಳಲ್ಲಿ ಸತ್ತ ಗಂಟಿಯನ್ನು ಎಳೆಯುವುದು ಉದ್ಯೋಗವಲ್ಲ, ಜಾತಿಗೆ ಅಂಟಿಸಿದ ಬಿಟ್ಟಿ. ಅದಕ್ಕೆ ಕೂಲಿಯಿಲ್ಲ, ಧಣಿ ಇಲ್ಲ. ಇಡೀ ಊರು ಹೇಳಿ ಮಾಡಿಸುತ್ತದೆ, ಆದ್ದರಿಂದ ಯಾರೂ ಮಾಡಿಸಿದ ಹಾಗಾಗುವುದಿಲ್ಲ. ನನ್ನ ಲೆಕ್ಕದಲ್ಲಿ ಈ ಚರಿತ್ರೆಯ ಗಂಟು ಇರುವುದು ಇಲ್ಲಿ. ಮೂಲದ ಕಾಲದಲ್ಲಿ ಧಣಿ ಇದ್ದ, ಕಾನೂನು ಇರಲಿಲ್ಲ. ಕಾನೂನು ಬಂದ ಹೊತ್ತಿಗೆ ಧಣಿ ಮಾಯವಾಗಿದ್ದ.

ಮಾಯವಾಗಲು ಕಾಯಿದೆಯೇ ಒಂದು ಬಾಗಿಲು ತೆರೆದಿಟ್ಟಿತ್ತು. ಮಾಲೀಕನ ವ್ಯಾಪಾರಕ್ಕೋ ಉದ್ಯಮಕ್ಕೋ ಅಲ್ಲದೆ ಬೇರೆ ಕೆಲಸಕ್ಕೆ ಆಗೊಮ್ಮೆ ಈಗೊಮ್ಮೆ ಕರೆಸಿಕೊಂಡವನು ಕಾರ್ಮಿಕನಲ್ಲ ಎಂಬ ಮಾತು ಅದರಲ್ಲಿತ್ತು. ಮನೆಯ ಮಾಡಿಗೆ ಹುಲ್ಲು ಹೊದೆಸಲು, ಬಾವಿಯ ಕೆಸರು ತೆಗೆಯಲು, ಹಿತ್ತಿಲಿನ ತೆಂಗಿನಕಾಯಿ ಕೊಯ್ಯಲು ಕರೆದ ಆಳು ಈ ಬಾಗಿಲಿನಿಂದ ಹೊರಗೆ. ಮುಕ್ಕಾಲು ಶತಮಾನ ಇದ್ದ ಆ ಮಾತನ್ನು 2000ದ ಡಿಸೆಂಬರ್‌ನಲ್ಲಷ್ಟೇ ತೆಗೆದರು. ಇನ್ನೊಂದು ಬಾಗಿಲು ಕುಡಿತದ್ದು. ಸಾವು ಆಗದ ಪೆಟ್ಟಿನ ವಿಷಯದಲ್ಲಿ, ಕೆಲಸಗಾರ ಕುಡಿದಿದ್ದರಿಂದಲೇ ಪೆಟ್ಟಾಯಿತು ಎಂದಾದರೆ ಧಣಿ ಕೊಡಬೇಕಾಗಿಲ್ಲ. ಕಾಗದದ ಮೇಲೆ ಇದೂ ಜಾತಿಯಿಲ್ಲದ ನಿಯಮ. ಊರಿನಲ್ಲಿ "ಅಂವ ಕುಡ್ಕಂಡ್ ಹತ್ತಿದ್ದ" ಅನ್ನುವ ಮಾತಿಗೆ ಸಾಕ್ಷಿ ಬೇಕಾಗುವುದು ಕೆಲವರ ವಿಷಯದಲ್ಲಿ ಮಾತ್ರ. ಉಳಿದವರ ವಿಷಯದಲ್ಲಿ ಅವರ ಕೇರಿಯ ಹೆಸರೇ ಸಾಕ್ಷಿ.

ಅವಲಂಬಿತರು ಯಾರು ಎಂಬ ಪಟ್ಟಿಯನ್ನೂ ನೋಡಿಬಿಡುವ. ಹೆಂಡತಿ, ಗಂಡ, ತಂದೆತಾಯಿ, ಸಣ್ಣ ಮಗ, ಮದುವೆಯಾಗದ ಮಗಳು, ತಂದೆತಾಯಿ ಇಬ್ಬರೂ ಇಲ್ಲದಿದ್ದರೆ ತಂದೆಯ ಕಡೆಯ ಅಜ್ಜ ಅಜ್ಜಿ. ಅಳಿಯಸಂತಾನದ ಸೀಮೆಯಲ್ಲಿ ಈ ಪಟ್ಟಿ! ಬಂಟರು, ಬಿಲ್ಲವರು, ಮೊಗವೀರರಷ್ಟೇ ಅಲ್ಲ, ದಲಿತರ ಕೆಲವು ಪಂಗಡಗಳೂ ತಾಯಿಯ ಕಡೆಯ ಬಳಿಯನ್ನು ಹಿಡಿದವರು. ಅಕ್ಕನ ಮಕ್ಕಳನ್ನು ಸಾಕುತ್ತಿದ್ದ ಮಾವ ಸತ್ತರೆ ಆ ಮಕ್ಕಳು ಯಾರೂ ಅಲ್ಲ. ಸತ್ತವನ ಹೆಂಡತಿಗೆ ಬರುವ ಗಂಟನ್ನು ಅವಳ ಕೈಗೇ ಕೊಡಬೇಕೆಂದಿಲ್ಲ, ಕಮಿಷನರ್ ಅದನ್ನು ಅವಳ ಹಿತಕ್ಕಾಗಿ ಎಲ್ಲಿಯಾದರೂ ಇಡಬಹುದು ಎಂದೂ ಇತ್ತು. ಆ ಸಾಲಿನಲ್ಲಿ ಹೆಂಗಸಿನ ಪಕ್ಕದಲ್ಲಿ ಕೂರಿಸಿದ್ದು ಕಾನೂನಿನ ಪ್ರಕಾರ ಬುದ್ಧಿ ಬಲಿಯದವರನ್ನು.

*

ಬ್ರಹ್ಮಾವರ ತಾಲೂಕಿನ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಚೋಮನ ದುಡಿಯನ್ನು ಪ್ರಕಟಿಸಿದ್ದು 1933ರಲ್ಲಿ. ಅಂದರೆ ಪರಿಹಾರದ ಕಾಯಿದೆ ಬಂದು ಹತ್ತು ವರ್ಷ ಆಗಿತ್ತು. ಚೋಮನಿಗೆ ಭೂಮಿ ಯಾಕೆ ಸಿಗಲಿಲ್ಲ ಎಂಬುದನ್ನು ನಮ್ಮ ವಿಮರ್ಶೆ ಸಾಕಷ್ಟು ಕೇಳಿದೆ. ಅವನ ಮಕ್ಕಳ ಸಾವನ್ನು ದುರಂತದ ಒಂದೊಂದು ಮೆಟ್ಟಿಲಾಗಿ ಓದಿ ಮುಂದೆ ಹೋಗಿದೆ. ನಾನು ಆ ಸಾವುಗಳನ್ನು ಕಾಯಿದೆಯ ಪಕ್ಕದಲ್ಲಿ ಇಟ್ಟು ನೋಡುತ್ತೇನೆ. ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋದ ಚನಿಯ ಜ್ವರ ಹಿಡಿದು ಬಂದು ಸಾಯುತ್ತಾನೆ. ಜ್ವರ ಅಪಘಾತವಲ್ಲ. ಮೂರನೆಯ ಪಟ್ಟಿಯ ರೋಗವೂ ಅಲ್ಲ. ತೋಟದ ಕೂಲಿಗಳು ಮುಂದೆ ಎರಡನೆಯ ಪಟ್ಟಿಯೊಳಗೆ ಬಂದರೂ ಮಲೆನಾಡಿನ ಜ್ವರ ಯಾವ ಪಟ್ಟಿಗೂ ಬರಲಿಲ್ಲ. ಆದ್ದರಿಂದ ಚನಿಯನ ಸಾವಿಗೆ ಬೆಲೆ ಇಲ್ಲ. ಅವನ ಸಾಲಕ್ಕೆ ಮಾತ್ರ ಬೆಲೆ ಇದೆ, ಅದು ಉಳಿಯುತ್ತದೆ, ತಂಗಿ ಬೆಳ್ಳಿಯ ತಲೆಗೆ ಬರುತ್ತದೆ.

ನೀಲ ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ಮೇಲುಜಾತಿಯವರು ನಿಂತಿದ್ದಾರೆ, ಮುಟ್ಟಬಾರದು ಎಂದು ಎತ್ತುವುದಿಲ್ಲ. 1855ರ ಕಾಯಿದೆ ಕೇಳುವುದು ಇನ್ನೊಬ್ಬನ ತಪ್ಪು ಕೃತ್ಯ ಅಥವಾ ಕರ್ತವ್ಯಲೋಪವನ್ನು. ಮುಳುಗುವ ಅಪರಿಚಿತನನ್ನು ಎತ್ತಬೇಕಾದ ಕರ್ತವ್ಯ ಇಂಗ್ಲಿಷ್ ನ್ಯಾಯದಲ್ಲಿ ಯಾರಿಗೂ ಇರಲಿಲ್ಲ. ಎತ್ತಲು ಹೋದವನನ್ನು ತಡೆಯುವ ಕರ್ತವ್ಯವನ್ನು ಮಾತ್ರ ಜಾತಿ ಹೇಳಿಕೊಟ್ಟಿತ್ತು. ಬ್ರಿಟಿಷರ ಟಾರ್ಟ್ ನ್ಯಾಯ ಮತ್ತು ನಮ್ಮ ಮಡಿ ಎರಡೂ ಆ ಹೊಳೆದಡದಲ್ಲಿ ಒಟ್ಟಿಗೆ ಕೈಕಟ್ಟಿ ನಿಂತದ್ದನ್ನು ಕಾರಂತರು ಕಂಡಿದ್ದರೋ ಇಲ್ಲವೋ, ಪಠ್ಯದಲ್ಲಿ ಅದು ಇದೆ.

ಕಾದಂಬರಿಗಿಂತ ಹೆಚ್ಚು ಕಠಿಣವಾದ ಸಾಕ್ಷಿ ಕಂಬಳದ ಗದ್ದೆಯದ್ದು. ಕೋಣ ಓಡಿಸುವ ಮೊದಲು ಆ ಕೆಸರಿನಲ್ಲಿ ಕೊರಗರನ್ನು ಓಡಿಸುವ ಪದ್ಧತಿ ಕರಾವಳಿಯಲ್ಲಿ ಇತ್ತು. ಮುಳ್ಳು, ಗಾಜು, ಕಲ್ಲು ಇದ್ದರೆ ಅದು ಕೋಣದ ಗೊರಸಿಗೆ ತಾಗುವ ಮೊದಲು ಕೊರಗನ ಪಾದಕ್ಕೆ ತಾಗಲಿ ಎಂದು. ಇಲ್ಲಿ ಪೆಟ್ಟು ಕೆಲಸದ ನಡುವೆ ಆದ ಆಕಸ್ಮಿಕವಲ್ಲ. ಪೆಟ್ಟಾಗುವುದೇ ಕೆಲಸ. 1923ರ ಕಾಯಿದೆಯ ಯಾವ ಪಟ್ಟಿಗೂ ಇದನ್ನು ತುರುಕಲು ಬರುವುದಿಲ್ಲ. ಬಸುರಿಯ ಉಗುರು ಕೂದಲು ಬೆರೆಸಿದ ಅನ್ನವನ್ನು ತಿನ್ನಿಸುವುದು, ಡೋಲು ಬಡಿಸುವುದು ಮುಂತಾಗಿ ಅಜಲು ಎಂದು ಕರೆಯುವ ಇವೆಲ್ಲವನ್ನೂ ಸೇರಿಸಿ ನಿಷೇಧಿಸುವ ಕಾಯಿದೆಯನ್ನು ಕರ್ನಾಟಕ ತಂದದ್ದು 2000ದಲ್ಲಿ. ಅದರಲ್ಲಿ ಆರು ತಿಂಗಳಿಗೆ ಕಡಿಮೆಯಿಲ್ಲದ, ಐದು ವರ್ಷದವರೆಗಿನ ಸಜೆ ಇದೆ.

ಪರಿಹಾರದ ಮಾತು ಬಂದದ್ದು ಇನ್ನೊಂದು ದಾರಿಯಿಂದ, 1989ರ ದೌರ್ಜನ್ಯ ತಡೆ ಕಾಯಿದೆಯ 1995ರ ನಿಯಮಗಳಿಂದ. ತಿನ್ನಬಾರದ್ದನ್ನು ತಿನ್ನಿಸಿದರೆ 25,000 ರೂಪಾಯಿ ಅಥವಾ ಹೆಚ್ಚು. ಕಾಲು ಭಾಗ ಚಾರ್ಜ್‌ಶೀಟಿನ ಹೊತ್ತಿಗೆ, ಮುಕ್ಕಾಲು ಭಾಗ ಶಿಕ್ಷೆಯಾದ ಮೇಲೆ. ಇಲ್ಲಿ ಕೂಲಿಯ ಗುಣಾಕಾರ ಇಲ್ಲವಲ್ಲ ಎಂದು ಸಮಾಧಾನ ಪಡುವಷ್ಟರಲ್ಲಿ ಕೊಲೆಯ ಕಾಲಂ ಬರುತ್ತದೆ: ದುಡಿಯುವ ಸದಸ್ಯ ಸತ್ತರೆ ಕನಿಷ್ಠ 2 ಲಕ್ಷ, ದುಡಿಯದವರು ಸತ್ತರೆ 1 ಲಕ್ಷ. ಜಾತಿಯ ಕಾರಣಕ್ಕೆ ಕೊಂದರೂ ಸತ್ತವರ ದುಡಿಮೆ ನೋಡಿ ಅರ್ಧ! ಕೊಲ್ಲುವವನು ದುಡಿಯುವವನೋ ಅಲ್ಲವೋ ಎಂದು ನೋಡಿ ಕೊಂದದ್ದಲ್ಲ. 2016ರ ತಿದ್ದುಪಡಿಯಲ್ಲಿ ಈ ಭೇದ ಹೋಗಿ ಕೊಲೆಗೆ 8,25,000 ರೂಪಾಯಿ ಎಂದಾಯಿತು, ಅರ್ಧ ಮರಣೋತ್ತರ ಪರೀಕ್ಷೆಯ ಬಳಿಕ, ಉಳಿದರ್ಧ ಚಾರ್ಜ್‌ಶೀಟ್ ಕೋರ್ಟಿಗೆ ಹೋದಾಗ. ಮುದುಕಿಯ ಜೀವವೂ ಹುಡುಗನ ಜೀವವೂ ಒಂದೇ ಎನ್ನಲು ಇಪ್ಪತ್ತೊಂದು ವರ್ಷ ಬೇಕಾಯಿತು.

*

1974ರ ಭೂಸುಧಾರಣೆ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಗೇಣಿಚೀಟು ಇಲ್ಲದ ಮೂಲದಾಳಿನ ಮಕ್ಕಳಿಗೆ ಸಿಕ್ಕಿದರೆ ಮನೆಯಡಿಯ ತುಂಡು ಜಾಗ. 1976ರಲ್ಲಿ ಜೀತ ರದ್ದತಿ ಕಾಯಿದೆ ಬಂತು. ಆಳು ದಿನಗೂಲಿಯಾದ. ಹಳೆಯ ರಾಷ್ಟ್ರೀಯ ಹೆದ್ದಾರಿ 17, ಈಗಿನ 66, ಬ್ರಹ್ಮಾವರ, ಕೋಟ, ಕುಂದಾಪುರ, ಬೈಂದೂರಿನ ನಡುವೆಯೇ ಹೋಗುತ್ತದೆ. ಕೆಲಸಕ್ಕೆ ನಡೆದು ಹೋಗುವವನು, ಟೆಂಪೋದ ಹಿಂದೆ ನಿಂತು ಹೋಗುವವಳು ಇವರಿಗೆ ಪರಿಹಾರ ಅಂದರೆ ಈಗ ಎಂ.ವಿ.ಸಿ. ಕೇಸು. ಧಣಿ ಯಾರು ಎಂಬ ಪ್ರಶ್ನೆ ಇಲ್ಲಿ ಬೀಳುವುದಿಲ್ಲ, ವಿಮೆ ಕಂಪನಿ ಇದೆ. ಉಳಿಯುವುದು ಎರಡನೆಯದು, ಕೂಲಿ ಎಷ್ಟು.

1994ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಿದ ಕೋಷ್ಟಕದಲ್ಲಿ ಆದಾಯವೇ ಇಲ್ಲದವರಿಗೆ ವರ್ಷಕ್ಕೆ 15,000 ರೂಪಾಯಿ ಎಂದು ಊಹಿಸಿ ಬರೆದರು. ದಿನಕ್ಕೆ 41 ರೂಪಾಯಿ. ಅಕ್ಕಿಯ ಬೆಲೆ ಏರಿತು, ಬಸ್ಸಿನ ಟಿಕೇಟು ಏರಿತು, ಆ 41 ಅಲ್ಲೇ ನಿಂತಿತು. ಕರ್ನಾಟಕದಿಂದಲೇ ಹೋದ ಪುಟ್ಟಮ್ಮ ಎಂಬವರ ಪ್ರಕರಣದಲ್ಲಿ, 2013ರಲ್ಲಿ, ಸುಪ್ರೀಂ ಕೋರ್ಟು ಆ ಕೋಷ್ಟಕ ಕಾಲಕ್ಕೆ ಸಲ್ಲದ್ದಾಗಿದೆ ಎಂದಿತು. ಕೋಷ್ಟಕವನ್ನು ಕಾಯಿದೆಯಿಂದ ತೆಗೆದುಹಾಕಿದ್ದು ಜಾರಿಗೆ ಬಂದದ್ದು 2022ರ ಏಪ್ರಿಲ್ 1ರಿಂದ. ಇದಕ್ಕೆ ಮೊದಲು 2011ರಲ್ಲಿ ರಾಮಚಂದ್ರಪ್ಪ ಎಂಬ ಕೂಲಿಯ ಪ್ರಕರಣದಲ್ಲಿ, ಅದೂ ಕರ್ನಾಟಕದ್ದೇ, ತಿಂಗಳಿಗೆ 4,500 ದುಡಿಯುತ್ತಿದ್ದೆ ಅಂದದ್ದನ್ನು 3,000ಕ್ಕೆ ಇಳಿಸಿದ್ದರು. ಕೂಲಿ ಮಾಡುವವನು ಕೂಲಿಗೆ ದಾಖಲೆ ತರಲಾರ ಎಂದು ಸುಪ್ರೀಂ ಕೋರ್ಟು ಅವನ ಬಾಯಿಮಾತನ್ನೇ ಒಪ್ಪಿತು. ಈಗ ಕರ್ನಾಟಕದಲ್ಲಿ ದಾಖಲೆ ಇಲ್ಲದವರಿಗೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ವರ್ಷವಾರು ಆದಾಯದ ಪಟ್ಟಿಯನ್ನು ಹೈಕೋರ್ಟು ಅಳತೆಗೋಲಾಗಿ ಬಳಸುತ್ತದೆ. ಮೊದಲಿನದಕ್ಕಿಂತ ಇದು ಎಷ್ಟೋ ಮೇಲು. ಆದರೂ ಅದು ಊಹೆಯ ಕೂಲಿ. ಮುದ್ರೆ ಹಾಕಿದ ಸಂಬಳದ ಚೀಟಿ ಇದ್ದವನ ಮೈಗೆ ಅವನದೇ ಬೆಲೆ, ಇಲ್ಲದವನ ಮೈಗೆ ಸರಾಸರಿಯ ಬೆಲೆ. ಸಂಬಳದ ಚೀಟಿ ಯಾವ ಕೇರಿಗಳಿಗೆ ಎಷ್ಟು ತಲೆಮಾರಿನ ಹಿಂದೆ ಬಂತು ಎಂದು ನೋಡಿದರೆ ನಾವು ಬುಕನನ್ನನ ಮುಕ್ಕಾಲು ಪಾಲಿನ ಹತ್ತಿರಕ್ಕೇ ಬರುತ್ತೇವೆ.

ಅಂಗಾಂಗದ ಪಟ್ಟಿಯನ್ನು ಸಡಿಲಿಸಿದ ಒಂದು ತೀರ್ಪನ್ನು ಇಲ್ಲಿ ಹೇಳಬೇಕು. ಒಡಿಶಾದ ಒಬ್ಬ ಬಡಗಿಯ ಎಡಗೈ ತುಂಡಾಗಿತ್ತು. ಪಟ್ಟಿಯ ಲೆಕ್ಕ ಹಿಡಿದರೆ ಅರ್ಧಂಬರ್ಧ ಪರಿಹಾರ. ಒಂದೇ ಕೈಯ ಬಡಗಿ ಬಡಗಿಯೇ ಅಲ್ಲ, ಅವನ ನಷ್ಟ ನೂರಕ್ಕೆ ನೂರು ಎಂದು 1975ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ನಾಲ್ವರ ಪೀಠ ಹೇಳಿತು. ಈ ತರ್ಕವನ್ನು ನಮ್ಮ ಕಡೆಯ ಕೆಲಸಗಳಿಗೆ ಹಚ್ಚಿ ನೋಡಿ. 1923ರ ಪಟ್ಟಿಯಲ್ಲಿ ಕಾಲಿನ ಹೆಬ್ಬೆರಳು ಬರೇ 10. ಪಾದಕ್ಕೆ ಹಗ್ಗ ಸಿಕ್ಕಿಸಿ ತೆಂಗಿನ ಮರ ಏರುವವನಿಗೆ ಅದು ಹತ್ತು ಅಲ್ಲ. ಪಟ್ಟಿ ಬರೆದವನ ಕಣ್ಣ ಮುಂದೆ ಇದ್ದದ್ದು ಯಂತ್ರದ ಮುಂದೆ ಬೂಟು ಹಾಕಿ ನಿಂತ ಮನುಷ್ಯ.

ಕೂಲಿಯ ಗುಣಾಕಾರವನ್ನು ಪೂರಾ ಕೈಬಿಟ್ಟದ್ದು ಒಂದೇ ಕಡೆ, ಮಲದ ಗುಂಡಿಯಲ್ಲಿ. ಸಫಾಯಿ ಕರ್ಮಚಾರಿ ಆಂದೋಲನ ಹೂಡಿದ ಪ್ರಕರಣದಲ್ಲಿ 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು, 1993ರಿಂದ ಈಚೆಗೆ ಚರಂಡಿ ಗುಂಡಿಗಳಲ್ಲಿ ಸತ್ತವರ ಮನೆಗೆ ತಲಾ 10 ಲಕ್ಷ ಕೊಡಬೇಕೆಂದಿತು. 2023ರ ಅಕ್ಟೋಬರ್ 20ರಂದು ಬಲರಾಂ ಸಿಂಗ್ ಪ್ರಕರಣದಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಜೀವನಪೂರ್ತಿ ಊನವಾದರೆ 20 ಲಕ್ಷ. ದಿನಕ್ಕೆ ಎಷ್ಟು ಕೊಡುತ್ತಿದ್ದರು, ರಸೀತಿ ಇದೆಯೇ, ವಯಸ್ಸೆಷ್ಟು ಎಂದು ಕೇಳುವಂತಿಲ್ಲ. ಇಷ್ಟರವರೆಗಿನ ಚರಿತ್ರೆಯನ್ನು ನೋಡಿಕೊಂಡು ಬಂದವನಿಗೆ ಇದು ಸಣ್ಣ ಸಂಗತಿಯಲ್ಲ. ಜಾತಿಯೇ ದೂಡಿದ ಗುಂಡಿ ಇದು ಎಂದು ಒಪ್ಪಿಕೊಂಡ ಮೇಲೆ ಕೂಲಿಯನ್ನು ಅಳೆಯಲು ನ್ಯಾಯಾಲಯಕ್ಕೆ ಮುಖ ಬರಲಿಲ್ಲ. ಹಾಗಿದ್ದರೆ ಮುರಕಲ್ಲಿನ ಕೋರೆಗೆ, ಆವೆಮಣ್ಣಿನ ಗುಂಡಿಗೆ, ತೆಂಗಿನ ತಲೆಗೆ ಅವನನ್ನು ಕಳಿಸಿದ್ದು ಏನು?

2025ರ ನವೆಂಬರ್ 21ರಿಂದ 1923ರ ಕಾಯಿದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಪಟ್ಟಿಗಳು ಹೊಸ ಪುಸ್ತಕದೊಳಗೆ ಹೋಗಿ ಕೂತಿವೆ. ಸತ್ತರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿನ ಅಂಕಿಯಿಂದ, ಪೂರ್ತಿ ಊನವಾದರೆ ನೂರಕ್ಕೆ 60ನ್ನು ಗುಣಿಸುವ ಲೆಕ್ಕವೂ ಹಾಗೇ ಇದೆ. ಗುತ್ತಿಗೆದಾರನ ಆಳಿಗೆ ಪೆಟ್ಟಾದರೆ ಕೆಲಸ ವಹಿಸಿಕೊಟ್ಟವನೇ ಕೊಡಬೇಕು ಎಂಬ ಒಳ್ಳೆಯ ಮಾತು ಹಳೆಯದರಲ್ಲೇ ಇತ್ತು. ಆ ಕೆಲಸ ಅವನ ವ್ಯಾಪಾರದ ಭಾಗವಾಗಿರಬೇಕು ಎಂಬ ಷರತ್ತೂ ಇತ್ತು. ಹೋಟೆಲಿನ ಅಡುಗೆಮನೆಯಲ್ಲಿ ಸುಟ್ಟುಕೊಂಡವನಿಗೆ ಈ ಷರತ್ತಿನಿಂದ ತೊಂದರೆಯಿಲ್ಲ. ಅದೇ ಹೋಟೆಲಿನ ಹಿತ್ತಿಲಿನ ಗುಂಡಿಗೆ ಇಳಿದವನ ಅರ್ಜಿಯಲ್ಲಿ ಮಾಲೀಕನ ಹೆಸರು ಎಂಬ ಕಾಲಂ ಬಂದಾಗ ತಕರಾರು ಏಳುತ್ತದೆ. ಹೋಟೆಲಿನವರು ಗುತ್ತಿಗೆದಾರನ ಕಡೆ ಕೈ ತೋರಿಸುತ್ತಾರೆ. ಗುತ್ತಿಗೆದಾರ ಅಂವ ನನ್ನ ಜನವೇ ಅಲ್ಲ, ಅಂದಿನ ಮಟ್ಟಿಗೆ ತಾನಾಗಿ ಬಂದವ ಅನ್ನುತ್ತಾನೆ. ಅರ್ಜಿ ಹಿಡಿದ ಹೆಂಗಸಿನ ಹತ್ತಿರ ಮೊದಲು ಕೇಳುವ ಪ್ರಶ್ನೆ ಈಗಲೂ, ಅವನನ್ನು ಬರ್ಲಿಕ್ ಹೇಳಿದ್ದ್ ಯಾರ್ ಎಂಬುದೇ.